ಹೊರಸಿನ ಕೆಳಗಿನ ಕೆಂಡ

ಇಂದಿರಮ್ಮನಿಗೆ ಕಲ್ಕತ್ತೆಯ ಮೇಲಿದ್ದ ಸಿಟ್ಟು ಹಳೆಯದು. ಇಲ್ಲಿನ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸಾಸಿವೆ ಎಣ್ಣೆಯ ವಾಸನೆ ಒಗೆದ ಸೀರೆಯಿಂದಲೂ ಹೋಗುವುದಿಲ್ಲ, ಮಧ್ಯಾಹ್ನ ಉಪ್ಪು ಮುಗಿದರೆ ಅಂಗಡಿಯವನು ಬಾಗಿಲೆಳೆದು ಮಲಗಿರುತ್ತಾನೆ. ಗದಗಿನಿಂದ ಗಂಡನ ಹಿಂದೆ ಬಂದಾಗಿನಿಂದ ಈ ದೂರುಗಳು ಬೆಳೆಯುತ್ತಲೇ ಇದ್ದವು. ಗಂಡ ಬಸವಲಿಂಗಪ್ಪ ಸರ್ಕಾರಿ ಕಲ್ಲಿದ್ದಲು ಕಂಪನಿಯ ಲೆಕ್ಕಪತ್ರ ವಿಭಾಗದವನು. ಕೇಳಿ ಕೇಳಿ ಅವನಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಎರಡು ಸಾವಿರದ ಏಳರ ಚಳಿಗಾಲದಲ್ಲಿ ಮಾತ್ರ ಅವಳ ಸಿಟ್ಟಿಗೆಲ್ಲ ಒಂದೇ ವಿಳಾಸ ಸಿಕ್ಕಿತು. ಅದು ಲೇಕ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಅವರ ಮೊದಲ ಮಹಡಿಯ ಬಾಡಿಗೆ ಮನೆಯ ಕಿಟಕಿಗೆ ನೇರ ಕೆಳಗಿದ್ದ ತುಳಸಿಯ ಒಲೆ.

ಮಗಳು ಪ್ರತೀಕ್ಷಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ಅರವಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಕಂಪನಿಯವನು. ಹೆಣ್ಣು ಕೂಸು ಹುಟ್ಟಿದ ವಾರ ಬಂದು, ಮೊಬೈಲಿನ ತುಂಬ ಫೋಟೋ ತುಂಬಿಕೊಂಡು ವಾಪಸು ಹೋಗಿದ್ದ. ತೊಟ್ಟಿಲ ಕಾರ್ಯವನ್ನು ಅವನ ರಜೆ ನೋಡಿಕೊಂಡು ಮುಂದಕ್ಕೆ ಹಾಕಿದ್ದರು. ಮೊದಮೊದಲು ಚೆನ್ನಾಗಿದ್ದ ಕೂಸು ಈಗ ಕೆಮ್ಮಲು ಹತ್ತಿತ್ತು.

"ನೋಡ್ರಿ, ಹೊತ್ತಿಸಿದ್ಲು ನೋಡ್ರಿ," ಎಂದು ಇಂದಿರಮ್ಮ ಗಂಡನ ಕೈಗೆ ಚಹಾ ಕೊಡುತ್ತ ಹೇಳಿದಳು. "ಬೆಳಕ ಹರಿಯಾಕೂ ಬಿಡೂದಿಲ್ಲ ಈಕಿ. ಕೂಸಿನ ಖೋಲಿ ತುಂಬ ಹೊಗಿ."

"ಕಿಡಕಿ ಹಾಕು."

"ಹಾಕಿದ್ರ ಸಂದ್ಯಾಗಿಂದ ಬರ್ತೈತಿ. ನಿಮಗೇನು, ಪೇಪರ್ ಹಿಡಕೊಂಡ ಕುಂತ್ರ ಮುಗೀತು."

ತುಳಸಿ ಬೆಳಿಗ್ಗೆ ಮೈದಾ ಪೂರಿಯಂಥ ಲುಚಿ ಮತ್ತು ಆಲೂಗಡ್ಡೆ ಪಲ್ಯ, ಸಂಜೆ ರೊಟ್ಟಿ ಮಾಡಿ ಮಾರುವವಳು. ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದ ಒಲೆ. ತಳಕ್ಕೆ ಕುಳ್ಳು ಇಟ್ಟು ಮೇಲೆ ಕಲ್ಲಿದ್ದಲು ಸುರಿದು ಬೆಂಕಿ ತಾಗಿಸಿದರೆ ದಪ್ಪನೆಯ ಬಿಳಿ ಹೊಗೆ ಎದ್ದು ಗೋಡೆ ಹಿಡಿದು ಮೇಲೆ ಹತ್ತುತ್ತಿತ್ತು. ಇಂದಿರಮ್ಮ ಪೇಟೆಗೆ ಹೋಗುವಾಗ ಬರುವಾಗ ಸೆರಗನ್ನು ಮೂಗಿಗೆ ಒತ್ತಿ ಹಿಡಿದೇ ಆ ಒಲೆಯನ್ನು ದಾಟುತ್ತಿದ್ದಳು. ತುಳಸಿ ನಕ್ಕು "ದಿದಿ" ಎಂದರೆ, ಸೆರಗಿನೊಳಗಿಂದಲೇ "ಹ್ಞೂಂ" ಎನ್ನುವಳು.

ಮಗ ರೋಹಿತ್ ಜಾದವ್‌ಪುರದಲ್ಲಿ ಓದುತ್ತಿದ್ದ. ಹುಟ್ಟಿದ್ದು ಗದಗಿನಲ್ಲಾದರೂ ಬೆಳೆದದ್ದೆಲ್ಲ ಇಲ್ಲೇ. ಅವನ ಕನ್ನಡ ಕುಂಟುತ್ತಿತ್ತು, ಬಂಗಾಲಿ ಓಡುತ್ತಿತ್ತು.

"ಅವ್ವಾ, ತುಳಸಿಮಾಸಿ ಒಲೆ ಓನ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಹೊಗೆ ಬಿಡ್ತದೆ," ಎಂದ ಅವನು, ಜೋಳದ ರೊಟ್ಟಿಯನ್ನು ಬೆಣ್ಣೆಗೆ ಅದ್ದುತ್ತ. "ಆಟೋ ನೋಡು ನೀನು. ಎಲ್ಲಾ ಕಾಟಾತೇಲ್ ಹಾಕ್ತಾರೆ, ಪೆಟ್ರೋಲಿಗೆ ಸೀಮೆಎಣ್ಣೆ ಮಿಕ್ಸ್. ಹೋಲ್ ಡೇ ನೀಲಿ ಹೊಗೆ. ಆಮೇಲೆ ಹಳೇ ಬಸ್, ಜನರೇಟರ್, ಇಟ್ಟಿಗೆ ಭಟ್ಟಿ. ಆಮೇಲೆ ಅಪ್ಪನ ಕಂಪನಿ."

"ನಮ್ಮ ಕಂಪನಿ ನಿನಗೇನ ಮಾಡೇತಲೇ?" ಬಸವಲಿಂಗಪ್ಪ ಪೇಪರಿನಿಂದ ತಲೆ ಎತ್ತಿದ.

"ಕೋಲ್ ಯಾರದು ಅಪ್ಪಾ?"

"ಆ ಕೋಲಿನ ರೊಕ್ಕದಾಗ ನಿನ್ನ ಫೀ ಕಟ್ಟೀನಿ. ಸುಮ್ಮನ ಉಣ್ಣು."

ಬೆಂಕಿ ಈ ಮನೆಯಲ್ಲೂ ಇತ್ತು. ಅದನ್ನು ಯಾರೂ ಹೊಗೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡದಿದ್ದರೆ ಅದೆಂಥ ಬಾಣಂತನ? ಎರೆದುಕೊಂಡು ಬಂದ ತಾಯಿಯ ಬೆನ್ನಿಗೆ ಕಾವು ಬೇಕು, ಕೂಸಿನ ನೆತ್ತಿ ಆರಬೇಕು, ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿದ ಹೊಗೆಯಲ್ಲಿ ಕೂಸನ್ನು ಅತ್ತಿತ್ತ ಆಡಿಸಬೇಕು. ಇಂದಿರಮ್ಮನಿಗೆ ಅವಳ ಅವ್ವ ಹೀಗೆ ಮಾಡಿದ್ದಳು, ಆ ಅವ್ವನಿಗೆ ಅವಳ ಅವ್ವ. ಗದಗಿನ ಮನೆಯಲ್ಲಾದರೆ ಮಾಳಿಗೆಗೆ ಬೆಳಕಿಂಡಿ ಇತ್ತು, ಬಾಗಿಲಿಗೆ ಬರೀ ಪರದೆ. ಕೆಂಡಕ್ಕೆ ಬೇವಿನ ಇದ್ದಲು. ಇಲ್ಲಿ ಆ ಇದ್ದಲು ಎಲ್ಲಿಂದ ಬರಬೇಕು? ಕೂಸನ್ನು ಮನೆಗೆ ತಂದ ವಾರ ಅವಳು ಪರದಾಡುತ್ತಿದ್ದಾಗ ರೋಹಿತನೇ ಕೆಳಗೆ ಹೋಗಿ ತುಳಸಿಯನ್ನು ಕೇಳಿದ್ದ. ತುಳಸಿ ಕಲ್ಲಿದ್ದಲ ಪುಡಿಗೆ ಮಣ್ಣು ಕಲಸಿ, ಉಂಡೆ ಕಟ್ಟಿ, ಒಣಗಿಸಿ ಇಟ್ಟುಕೊಂಡಿದ್ದ ಗುಲ್ ಅನ್ನು ಒಂದು ದೊಡ್ಡ ಬಿಸ್ಕತ್ ಡಬ್ಬಿಯ ತುಂಬ ತುಂಬಿಕೊಂಡು ತಾನೇ ಮಹಡಿ ಹತ್ತಿ ಬಂದಳು. ಇಂದಿರಮ್ಮ ದುಡ್ಡು ತೆಗೆದರೆ ಕೈ ಹಿಂದೆ ಕಟ್ಟಿಕೊಂಡಳು.

"ಹಸುಗೂಸಿನ ಮನೆಗೆ ಯಾರಾದರೂ ಬೆಂಕಿ ಮಾರುತ್ತಾರೆಯೇ ದಿದಿ? ಡಬ್ಬಿ ಮಾತ್ರ ಆಮೇಲೆ ಕೊಡಿ."

ಗುಲ್ ಇಂದಿರಮ್ಮನಿಗೆ ಬಹಳ ಹಿಡಿಸಿತು. ಬೇವಿನ ಇದ್ದಲಿನಂತೆ ಬೇಗ ಬೂದಿಯಾಗುವುದಿಲ್ಲ. ಒಮ್ಮೆ ಕೆಂಪಾದರೆ ಊಟದ ಹೊತ್ತಿನವರೆಗೂ ಕಾವು. ಅವಳು ಅಡ್ಡಾದಿಡ್ಡಿ ಹೆಂಗಸೇನಲ್ಲ. ಅಡಿಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಹೊಗೆಯೆಲ್ಲ ಹೋಗಿ ಉಂಡೆಗಳು ನಿಗಿನಿಗಿ ಆದಮೇಲೆಯೇ ಒಳಗೆ ತರುತ್ತಿದ್ದಳು. ಕಣ್ಣಿಗೆ ಕಾಣುವ ಹೊಗೆ ಇರುತ್ತಿರಲಿಲ್ಲ. ಕಾಣದ ಹೊಗೆಯೂ ಉಂಟು ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಕೂಸಿನ ಕೆಮ್ಮು ಹೆಚ್ಚಾದ ಮೇಲೆ ಅವಳು ಗಂಡನ ಬೆನ್ನು ಬಿಡಲಿಲ್ಲ. ತಟ್ಟೆಗೆ ಪುಂಡಿಪಲ್ಯ ಬಡಿಸುವಾಗ ಅದೇ ಮಾತು, ಬೂಟು ಹಾಕಿಕೊಳ್ಳುವಾಗ ಅದೇ ಮಾತು. ಕೊನೆಗೆ ಬಸವಲಿಂಗಪ್ಪ ಒಂದು ಭಾನುವಾರ ಕೆಳಗಿನ ಮನೆಯ ವಿಶ್ವೇಶ್ವರ ಬಾಬುವಿನ ಹತ್ತಿರ ಹೋಗಿ ಹೇಳಿದ. ಆತ ಕಟ್ಟಡದ ಕಾರ್ಯದರ್ಶಿ, ಪಾಡಾದ, ಅಂದರೆ ಓಣಿಯ, ಕ್ಲಬ್ಬಿಗೂ ಹಿರಿಯ. ಮಗನಿಗೆ ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕು ಹೊಸ ಕಾರು ಬುಕ್ ಆಗಿತ್ತು. ನಿಲ್ಲಿಸಲು ಜಾಗವಿಲ್ಲದೆ ಬಾಬು ತಲೆ ಕೆಡಿಸಿಕೊಂಡಿದ್ದ. ಮರ್ಯಾದಸ್ಥರ ಮನೆಯ ಹಸುಗೂಸಿನ ಕೆಮ್ಮು ಅವನಿಗೆ ಕರೆದು ಕೊಟ್ಟಂತಾಯಿತು. "ನೀವು ಬಾಯಿಬಿಟ್ಟು ಹೇಳಿದಿರಲ್ಲ ದಾದಾ, ಸಾಕು," ಎಂದು ತಿನ್ನಲು ಸಂದೇಶ್ ಮಿಠಾಯಿ ಕೊಟ್ಟು ಕಳಿಸಿದ.

ಎರಡು ದಿನದಲ್ಲಿ ಕ್ಲಬ್ಬಿನ ಹುಡುಗರು ಬಂದರು. ತುಳಸಿ ಕೂಗಾಡಲಿಲ್ಲ. ಬಾಣಲೆ, ಲಟ್ಟಣಿಗೆ, ಹಿಟ್ಟಿನ ಪಾತ್ರೆಗಳನ್ನು ಒಂದೊಂದೇ ಎತ್ತಿ ಬದಿಗಿಟ್ಟುಕೊಂಡಳು. ಹುಡುಗರು ಒಲೆ ಒಡೆದರು. ಒಳಗಿನ ಇಟ್ಟಿಗೆ ಇನ್ನೂ ಬಿಸಿಯಿತ್ತೆಂದು ಕಾಣುತ್ತದೆ, ಒಬ್ಬ ಕೈ ಕೊಡವಿಕೊಂಡ. ತುಳಸಿ ತಲೆ ಎತ್ತಿ ಮೊದಲ ಮಹಡಿಯ ಕಿಟಕಿ ನೋಡಿದಳು. ಇಂದಿರಮ್ಮ ಪರದೆಯ ಹಿಂದೆ ಸರಿದಳು.

ಆ ರಾತ್ರಿ ರೋಹಿತ್ ಉಣ್ಣಲು ಕೂಡಲಿಲ್ಲ.

"ಅವ್ವಾ, ಆಕಿ ನಿನಗೆ ಗುಲ್ ಕೊಟ್ಟಳು. ಫ್ರೀ. ದಿಸ್ ಈಸ್ ನಾಟ್ ಫೇರ್."

"ಗುಲ್ ಕೊಟ್ಟಾಳಂತ ಕೂಸಿನ ಜೀವಾ ಕೊಡ್ಲೇನು?"

"ಆಟೋದವನಿಗೆ ಹೇಳೋಕೆ ಆಗಲ್ಲ, ಬಸ್ಸಿನವನಿಗೆ ಹೇಳೋಕೆ ಆಗಲ್ಲ. ತುಳಸಿಮಾಸಿಗೆ ಹೇಳೋಕೆ ಆಗ್ತದೆ. ಅದಕ್ಕೇ ಹೇಳಿದ್ರಿ."

"ರೋಹಿತಾ, ಬಾಯಿ ಮುಚ್ಚು," ಎಂದ ಬಸವಲಿಂಗಪ್ಪ. ಆದರೆ ಸಾರು ಹಾಕಿಸಿಕೊಂಡ ಅನ್ನವನ್ನು ಹಾಗೇ ಬಿಟ್ಟು ತಾನೂ ಎದ್ದ.

ತುಳಸಿಯ ಜಾಗದಲ್ಲಿ ಬಿಳಿಯ ಕಾರು ಬಂದು ನಿಂತಿತು. ವಿಶ್ವೇಶ್ವರ ಬಾಬುವಿನ ಮಗ ದಿನಾ ಬೆಳಿಗ್ಗೆ ಎಂಜಿನ್ ಶುರು ಮಾಡಿ, ಅದು ಬಿಸಿಯಾಗಲೆಂದು ಬಿಟ್ಟು, ಒಳಗೆ ಹೋಗಿ ಚಹಾ ಕುಡಿದು ಬರುತ್ತಿದ್ದ. ಡೀಸೆಲ್ ಹೊಗೆ ಅದೇ ಗೋಡೆ ಹಿಡಿದು ಅದೇ ಕಿಟಕಿಗೆ ಹತ್ತಿತು. ಅವನ ಹತ್ತಿರ ಹೋಗಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಬದಲಿಗೆ ಬಸವಲಿಂಗಪ್ಪ ಮೈದಾ ಅಂಟು ಕಾಯಿಸಿ, ಹಳೆಯ ಪೇಪರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಬಾಣಂತಿ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಅಂಟಿಸಿದ. ಲೆಕ್ಕದ ಮನುಷ್ಯ, ಒಂದು ಸಂದನ್ನೂ ಬಿಡಲಿಲ್ಲ.

"ಈಗ ನೋಡವಾ," ಎಂದು ಇಂದಿರಮ್ಮ ಮಗಳಿಗೆ ಹೇಳಿದಳು. "ಒಂದ ಎಳಿ ಹೊಗಿ ಬರೂದಿಲ್ಲ ಒಳಗ."

"ಅವ್ವಾ, ನನಗ ದಿನಾ ತಲಿ ನೋಯ್ತೈತಿ."

"ಹಸೇ ಮೈ, ನೋಯ್ತೈತಿ. ಅಂಟಿನುಂಡಿ ತಿನ್ನು, ಹೊಚಗೊಂಡು ಮಲಕೊ."

ಅದಾದ ಸ್ವಲ್ಪ ದಿನಕ್ಕೆ, ಚಳಿ ಜೋರಾಗಿದ್ದ ಒಂದು ಬೆಳಿಗ್ಗೆ, ಇಂದಿರಮ್ಮ ತಾಯಿ ಮಗುವಿಗೆ ಎರೆದು, ಅಗ್ಗಿಷ್ಟಿಕೆಯಲ್ಲಿ ಎಂದಿಗಿಂತ ಒಂದು ಹಿಡಿ ಹೆಚ್ಚು ಗುಲ್ ತುಂಬಿ ಹೊರಸಿನ ಕೆಳಗೆ ತಳ್ಳಿ, ಬಾಗಿಲು ಎಳೆದುಕೊಂಡು ಅಡಿಗೆಗೆ ಹೋದಳು. ಸಬ್ಬಸಿಗೆ ಪಲ್ಯ, ಮೆಣಸಿನ ಸಾರು, ಮೆತ್ತಗಿನ ಅನ್ನ. ತಟ್ಟೆ ಹಿಡಿದು ಒಳಗೆ ಬಂದಾಗ ಪ್ರತೀಕ್ಷಾ ಹೊರಸಿನಿಂದ ಅರ್ಧ ಜಾರಿ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಕೂಸು ಅಳುತ್ತಿರಲಿಲ್ಲ. ಎತ್ತಿಕೊಂಡರೆ ಕತ್ತು ಹಿಂದಕ್ಕೆ ವಾಲಿತು.

ಅವಳ ಕೂಗಿಗೆ ರೋಹಿತ್ ಓಡಿ ಬಂದ. ಎಷ್ಟೆಳೆದರೂ ಕಿಟಕಿ ತೆರೆಯಲಿಲ್ಲ. ಕುರ್ಚಿಯಿಂದ ಗಾಜು ಒಡೆದ. ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಟ್ಯಾಕ್ಸಿಯಲ್ಲಿ ಇಂದಿರಮ್ಮ ಕೂಸಿನ ಅಂಗಾಲು ತಿಕ್ಕುತ್ತ ಬಸವಣ್ಣನ ಹೆಸರನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ. ಮನೆಯಿಂದ ನರ್ಸಿಂಗ್ ಹೋಮ್ ಹತ್ತಿರವೇ. ಬಸವಲಿಂಗಪ್ಪ ಆಫೀಸಿನಿಂದ ಅಲ್ಲಿಗೇ ಬಂದ.

ರೋಹಿತ್ ಕೌಂಟರಿನಲ್ಲಿ ಹೆಸರು ಬರೆಸುತ್ತಿದ್ದಾಗ ಡಾಕ್ಟರ್ ಇವರಿಬ್ಬರನ್ನು ಕರೆದು ಹಿಂದಿಯಲ್ಲಿ ಕೇಳಿದ. "ಮನೆಯೊಳಗೆ ಬೆಂಕಿ ಇಡುತ್ತೀರಾ? ಒಲೆ, ಇದ್ದಲು, ಏನಾದರೂ?"

ಇಂದಿರಮ್ಮನ ಕಣ್ಣ ಮುಂದೆ ಅಳಿಯ ಬಂದ, ಬೀಗತಿ ಬಂದಳು, ಒಡೆದ ಒಲೆ ಬಂತು. ನಾಲಗೆ ತಾನಾಗಿ ಹೊರಳಿತು.

"ಒಳಗಿಲ್ಲ," ಎಂದಳು. "ಕೆಳಗೆ ರಸ್ತೆಯಲ್ಲಿ ಒಬ್ಬಳ ಒಲೆ. ಅದರದೇ ಹೊಗೆ."

ಡಾಕ್ಟರ್ ಬಸವಲಿಂಗಪ್ಪನ ಮುಖ ನೋಡಿದ. ಬಸವಲಿಂಗಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಹಾಗಾದರೆ ಕೂಸಿಗೆ ನ್ಯುಮೋನಿಯಾ ಇರಬಹುದು, ಎಕ್ಸ್‌ರೇ ಆಗಲಿ ಎನ್ನುತ್ತ ಡಾಕ್ಟರ್ ಒಳಗೆ ಹೋದ. ಗಾಜಿನ ಬಾಗಿಲಿನ ಆಚೆ ಪ್ರತೀಕ್ಷಾಳ ಕೈ ಮಂಚದಿಂದ ಕೆಳಗೆ ಜೋತುಬಿದ್ದದ್ದು ಕಾಣುತ್ತಿತ್ತು. ಗಂಡ ಹೆಂಡತಿ ಬೆಂಚಿನ ಮೇಲೆ ಪಕ್ಕಪಕ್ಕ ಕೂತರು, ಒಬ್ಬರನ್ನೊಬ್ಬರು ನೋಡಲಿಲ್ಲ.

ರೋಹಿತ್ ಬಂದ. "ಅವ್ವಾ, ಬೆಂಕಿದು ಹೇಳಿದ್ಯಾ?"

ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು.

"ಅಪ್ಪಾ?"

ಬಸವಲಿಂಗಪ್ಪ ಕನ್ನಡಕ ತೆಗೆದು ಒರೆಸತೊಡಗಿದ. ರೋಹಿತನ ಮುಖ ಬಿಳಿಚಿತು. ಅವನು ಬಾಯಿ ತೆರೆಯುವ ಮೊದಲೇ ಇಂದಿರಮ್ಮ ಎದ್ದು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ, ಗಾಜಿನ ಬಾಗಿಲು ತಳ್ಳಿದಳು. ಹಿಂದಿ, ಬಂಗಾಲಿ, ಕನ್ನಡ ಎಲ್ಲ ಕಲಸಿ ಹೇಳಿದಳು: ಮಂಚದ ಕೆಳಗೆ ಕೆಂಡ ಇತ್ತು, ಕಿಟಕಿಗೆ ಪೇಪರ್ ಅಂಟಿಸಿತ್ತು, ನಾನೇ ಇಟ್ಟೆ, ನಾನೇ ಸುಳ್ಳು ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ ಆಮ್ಲಜನಕಕ್ಕೆ ಕೂಗಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನಿಸಿತು.

ತಾಯಿ ಸಂಜೆಗೆ ಕಣ್ಣು ಬಿಟ್ಟಳು. ಕೂಸು ಮರುದಿನ ಅತ್ತಿತು. ಆ ಅಳು ಕೇಳಿ ಬಸವಲಿಂಗಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಾನೂ ಅತ್ತ. ವಾರವಾದ ಮೇಲೆ ಮನೆಗೆ ಬಂದರು. ಒಡೆದ ಕಿಟಕಿಗೆ ರಟ್ಟು ಕಟ್ಟಿತ್ತು, ಅಗ್ಗಿಷ್ಟಿಕೆ ಬಾಲ್ಕನಿಯ ಮೂಲೆ ಸೇರಿತ್ತು. ಕೂಸಿನ ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ರಾತ್ರಿಯ ಗೊರಗೊರ ನಿಂತಿತ್ತು.

"ಅರವಿಂದಗ ನ್ಯುಮೋನಿಯಾ ಅಂತ ಹೇಳೀನಿ," ಎಂದ ಬಸವಲಿಂಗಪ್ಪ. "ಬಿಲ್ಡಿಂಗಿನವರಿಗೂ ಅಷ್ಟ. ಆದದ್ದು ಆಗಿ ಹೋತು. ಇನ್ನ ಯಾರೂ ಅದನ್ನ ಕೆದರಬ್ಯಾಡ್ರಿ."

ಪ್ರತೀಕ್ಷಾ ಗೋಡೆಗೊರಗಿ ಕೂತಿದ್ದಳು. "ಅವ್ವಾ, ನೀ ಬೇಕಂತ ಮಾಡಿದ್ಯೇನು, ಅಳಬ್ಯಾಡ. ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ." ಕೂಸಿನ ಕುಲಾಯಿ ಸರಿಮಾಡಿ ಕೇಳಿದಳು. "ಆದರ ಅಕಿ? ತುಳಸಿ?"

ಇಂದಿರಮ್ಮನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ಅನ್ನ ಕಲಸುತ್ತ ಕೂತರೆ ಡಾಕ್ಟರಿಗೆ ತಾನು ಹೇಳಿದ ಮಾತೇ ಕಿವಿಯಲ್ಲಿ. ಒಲೆ ಒಡೆಸಿದ್ದು ಸಾಲದೆಂದು, ಒಡೆದ ಒಲೆಯ ಮೇಲೆ ಇನ್ನೊಮ್ಮೆ ತಪ್ಪು ಹೊರಿಸಿದ್ದಳಲ್ಲ. ನಾಚಿಕೆಯಿಂದ ಅವಳ ಮೈ ಹಿಡಿಯಷ್ಟಾಗುತ್ತಿತ್ತು.

ಕೊನೆಗೆ ಒಂದು ದಿನ ಧೈರ್ಯ ಮಾಡಿ ವಿಶ್ವೇಶ್ವರ ಬಾಬುವಿನ ಬಾಗಿಲು ತಟ್ಟಿದಳು. ತುಳಸಿ ಬಡವಿ, ಅವಳಿಗೆ ಜಾಗ ವಾಪಸು ಕೊಡಿಸಿ ಎಂದಳು. ಯಾಕೆ ಎಂದು ಮಾತ್ರ ಹೇಳಲಿಲ್ಲ.

ಆತ ನಕ್ಕ. "ನಿಮ್ಮದು ಮೃದು ಮನಸ್ಸು ಬೌದಿ. ಮೊಮ್ಮಗಳು ಆಸ್ಪತ್ರೆಗೆ ಹೋಗಿ ಬಂದರೂ ಅವಳ ಪರ ಮಾತಾಡುತ್ತೀರಿ."

ತುಳಸಿ ಬಾಲಿಗಂಜ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದಾಳೆಂದು ರೋಹಿತ್ ಹೇಳಿದ. ಇಂದಿರಮ್ಮ ಒಬ್ಬಳೇ ಹೋದಳು. ತಗಡಿನ ಬಕೆಟ್ಟಿಗೆ ಮಣ್ಣು ಮೆತ್ತಿ ಮಾಡಿದ ಸಣ್ಣ ಒಲೆ, ಎರಡೇ ಗಿರಾಕಿ. ತುಳಸಿ ಅವಳನ್ನು ಕಂಡದ್ದೇ ಲಟ್ಟಣಿಗೆ ಬಿಟ್ಟು ಎದ್ದಳು.

"ದಿದಿ, ಮಗು ಹೇಗಿದೆ? ಆಸ್ಪತ್ರೆಗೆ ಹಾಕಿದ್ದರೆಂದು ಕೇಳಿ ನನಗೆ ನಿದ್ದೆಯಿಲ್ಲ. ನನ್ನ ಹೊಗೆಯಿಂದ ಹಾಗಾಯಿತಲ್ಲ. ಕಾಳಿಘಾಟಿಗೆ ಹೋಗಿ ಹರಕೆ ಹೊತ್ತು ಬಂದಿದ್ದೇನೆ. ಮಗು ಉಳಿದರೆ ಚಳಿಗಾಲ ಮುಗಿಯುವವರೆಗೆ ರಾತ್ರಿ ಊಟ ಬಿಡುತ್ತೇನೆಂದು."

ಇಂದಿರಮ್ಮನಿಗೆ ನಿಂತ ನೆಲವೇ ಬೇಡವಾಯಿತು. ತನ್ನ ಮನೆಯ ಪಾಪಕ್ಕೆ ಇವಳು ಉಪವಾಸ ಬೀಳುತ್ತಿದ್ದಾಳೆ. ಅವಳಿಗೆ ಗೊತ್ತಿದ್ದ ಬಂಗಾಲಿ ಪೇಟೆಯ ಬಂಗಾಲಿ, ತರಕಾರಿಯ ಬೆಲೆ ಇಳಿಸಲಷ್ಟೇ ಸಾಕಾಗುವಂಥದು. ಅದರಲ್ಲೇ ಹೇಳಿದಳು. "ನಿನ್ನ ಹೊಗೆ ಅಲ್ಲ ತುಳಸಿ. ನನ್ನದು. ಮಂಚದ ಕೆಳಗೆ ನಾನಿಟ್ಟ ಗುಲ್. ಕಿಟಕಿ ಮುಚ್ಚಿದ್ದೆವು."

ತುಳಸಿ ಒಲೆಯನ್ನು ಮರೆತು ಅವಳನ್ನೇ ನೋಡಿದಳು. ಬಾಣಲೆಯ ಲುಚಿ ಸೀದು ಕಪ್ಪಾಯಿತು.

"ಬಾಬುವಿಗೆ ಹೇಳಿದಿರಾ?" ಎಂದಳು ಕೊನೆಗೆ.

"ನಿನಗೆ ಜಾಗ ಕೊಡಲು ಹೇಳಿದೆ."

"ಅದಲ್ಲ. ಈಗ ಹೇಳಿದ್ದನ್ನು ಹೇಳಿದಿರಾ? ಪಾಡಾದಲ್ಲಿ ಎಲ್ಲರೂ ನಾನು ಮಗುವನ್ನು ಕೊಲ್ಲಲು ಹೋಗಿದ್ದೆ ಅನ್ನುತ್ತಾರೆ. ನನಗೊಬ್ಬಳಿಗೆ ಹೇಳಿ ಏನಾಯಿತು?"

ಅರವಿಂದನ ರಜೆ ಸಿಕ್ಕಿತು, ತೊಟ್ಟಿಲ ಕಾರ್ಯ ನಡೆಯಿತು. ಅರವಿಂದನ ಅಕ್ಕ ಕೂಸಿನ ಕಿವಿಯಲ್ಲಿ "ನಮ್ರತಾ" ಎಂದು ಉಸುರಿ, ಪದ್ಧತಿಯಂತೆ ಬೆನ್ನಿಗೆ ನಾಲ್ಕಾರು ಗುದ್ದು ತಿಂದು ನಕ್ಕಳು. ಕಟ್ಟಡದವರೆಲ್ಲ ಬಂದಿದ್ದರು. ವಿಶ್ವೇಶ್ವರ ಬಾಬು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಕೂಸಿನ ಗಲ್ಲ ಹಿಡಿದು, "ನೋಡಿ, ಹೇಗೆ ಅರಳಿದೆ! ಆ ಒಲೆ ತೆಗೆಸಿದ್ದು ಒಳ್ಳೆಯದೇ ಆಯಿತು," ಎಂದ.

ಇಂದಿರಮ್ಮ ತುಪ್ಪದ ಗಿಂಡಿ ಕೆಳಗಿಟ್ಟಳು. ಬಾಲ್ಕನಿಗೆ ಹೋಗಿ ಅಗ್ಗಿಷ್ಟಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹೊಸ ಜಮಖಾನೆಯ ಮೇಲೆ, ಎಲ್ಲರ ನಡುವೆ ಇಟ್ಟಳು. ಬೂದಿ ಉದುರಿತು.

"ಇಂದಿರಾ!" ಎಂದ ಬಸವಲಿಂಗಪ್ಪ.

"ಹೇಳತೇನ್ರಿ. ಇಲ್ಲಂದ್ರ ನನಗ ತುತ್ತು ಇಳಿಯೂದಿಲ್ಲ." ಅವಳು ವಿಶ್ವೇಶ್ವರ ಬಾಬುವಿನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು. "ಕೂಸು ಆಸ್ಪತ್ರೆಗೆ ಹೋದದ್ದು ಇದರಿಂದ. ತುಳಸಿ ಹೋದ ಮೇಲೆ ಆದದ್ದು. ಬೆಂಕಿ ನಮ್ಮದು, ಕೈ ನನ್ನದು. ಅವಳ ಮೇಲೆ ಹಾಕಿದೆ."

ಅರವಿಂದ ಹೆಂಡತಿಯ ಮುಖ ನೋಡಿದ. ಅವನ ಅಕ್ಕ ಕೂಸನ್ನು ಎದೆಗೆ ಅವುಚಿಕೊಂಡಳು. ಹೆಂಗಸರಲ್ಲಿ ಒಬ್ಬಿಬ್ಬರು ನಾಲಗೆಯಿಂದ ಚ್ಚು ಚ್ಚು ಎಂದು ಸದ್ದು ಮಾಡಿದರು. ವಿಶ್ವೇಶ್ವರ ಬಾಬು ಬೆರಳಿನ ತುಪ್ಪ ನೆಕ್ಕಿ, ಮೆತ್ತಗೆ ಹೇಳಿದ: "ಹೋಗಲಿ ಬೌದಿ. ಯಾರ ಹೊಗೆಯೋ, ಹೊಗೆ ಹೋಯಿತಲ್ಲ. ಈಗ ಅಲ್ಲಿ ಗಾಡಿ ಇದೆ."

ಮರುದಿನ ಇಂದಿರಮ್ಮ ಬಿಸ್ಕತ್ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ತಳದ ಕಪ್ಪು ಪೂರ್ತಿ ಹೋಗಲಿಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ತಿರುಗಿಸುವುದು ಅವರ ಮನೆಯಲ್ಲಿ ಇಲ್ಲ. ಒಳಗೆ ಬಾಳೆಎಲೆ ಹಾಸಿ, ಹೋಳಿಗೆ ಜೋಡಿಸಿ, ಬಾಲಿಗಂಜಿಗೆ ಹೋದಳು.

ತುಳಸಿ ಮುಚ್ಚಳ ತೆಗೆದು ನೋಡಿದಳು. "ಹೇಳಿದಿರಾ?"

"ಹೇಳಿದೆ. ಎಲ್ಲರ ಮುಂದೆ."

"ಏನಂದರು?"

"ಗಾಡಿ ಇದೆ ಅಂದರು."

ತುಳಸಿ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು. ಹೋಳಿಗೆಗಳನ್ನು ಎಲೆಯ ಸಮೇತ ತಟ್ಟೆಗೆ ತೆಗೆದಿಟ್ಟು, ಡಬ್ಬಿಯ ಒಳಗನ್ನು ಬಟ್ಟೆಯಿಂದ ಒರೆಸಿ, ಮೂಲೆಯ ಚೀಲದಿಂದ ಗುಲ್ ತೆಗೆದು ಅದಕ್ಕೇ ತುಂಬಿಕೊಂಡಳು. ನಾಲ್ಕು ಉಂಡೆ ಒಲೆಗೆ ಹಾಕಿದಳು. ಬಿಳಿಯ ಹೊಗೆ ಎದ್ದಿತು.

"ಹೆಸರೇನಿಟ್ಟಿರಿ?"

"ನಮ್ರತಾ."

"ಒಳ್ಳೆಯ ಹೆಸರು. ಆ ಕಡೆ ನಿಲ್ಲಿ ದಿದಿ, ಹೊಗೆ ನಿಮ್ಮ ಮೇಲೇ ಬರುತ್ತಿದೆ."

ಇಂದಿರಮ್ಮನ ಕಣ್ಣು ಉರಿಯಿತು, ಕೆಮ್ಮು ಒತ್ತರಿಸಿ ಬಂತು. ಕೈ ರೂಢಿಯಂತೆ ಸೆರಗಿಗೆ ಹೋಯಿತು. ಮೂಗಿನ ತನಕ ತಂದ ಸೆರಗನ್ನು ಅವಳು ಕೆಳಗೆ ಬಿಟ್ಟಳು, ಕೆಮ್ಮುತ್ತ ಅಲ್ಲೇ ನಿಂತಳು.